ಸೊಂಟಪಟ್ಟಿಯ ಒಳಬದಿ

ಮನಾಮಾದ ಸೂಕಿನ ಹಿಂದಣ ಗಲ್ಲಿ.
ಮೂರು ಮಿಷನ್ನು, ಒಂದು ಇಸ್ತ್ರಿ, ಒಂದು ಕೂಲರ್.
ಕೂಲರ್ ತಣ್ಣಗಿಡುತ್ತಿದ್ದದ್ದು ತನ್ನನ್ನು ಮಾತ್ರ.
ಬೋರ್ಡಿನ ಮೇಲೆ ಕಫೀಲನ ಹೆಸರು,
ಬಿಲ್ಲಿನ ಮೇಲೆ ಕಫೀಲನ ಹೆಸರು,
ಕತ್ತರಿಯ ಹಿಡಿಯಲ್ಲಿ
ವಾಸು ಶೆಟ್ಟಿಗಾರರ ಹೆಬ್ಬೆರಳು ಸವೆಸಿದ ಗುಳಿ.

ನಾನಾಗ ಕಾಜಾ ಹುಡುಗ.
ದಿನಕ್ಕೆ ನೂರಿಪ್ಪತ್ತು ಗುಂಡಿ,
ಕನಸಲ್ಲೂ ಸೂಜಿಯ ಕಣ್ಣಿಗೆ ಎಂಜಲು ದಾರ.

ಅಸರ್ ಬಾಂಗಿನ ನಂತರ ಬಂದರು ಉಮ್ಮ್ ಗಾನಿಮ್,
ಬಗಲಲ್ಲಿ ರೇಷ್ಮೆಯ ಸುರುಳಿ, ಕೈಯಲ್ಲಿ ಚಿತ್ರಗಳ ದಪ್ಪ ಪುಸ್ತಕ.
ಮಗಳ ಮದುವೆ.
ಮದರಂಗಿಯ ರಾತ್ರಿಗೆ ಹಸಿರು ನಶಲ್ ತಯಾರಂತೆ,
ಮುಹರಕ್ಕಿನ ಹೆಂಗಸರು ಬೆರಳು ಬೆರಳಿಗೆ ಜರಿ ಸಿಕ್ಕಿಸಿಕೊಂಡು
ಅಂಚು ಹೆಣೆಯುತ್ತಿದ್ದಾರಂತೆ.
ಮದುವೆಯ ದಿನಕ್ಕೆ ಇದು, ಅಂತ ಪುಟ ತೆರೆದರು:
ಗಂಟೆಯಂತೆ ಬಿರಿದ ಲಂಗ,
ಬಾಗಿಲು ದಾಟಲು ಅಡ್ಡ ತಿರುಗಬೇಕು, ಅಷ್ಟು.

ಬೊಂಬಾಯಿಯಿಂದ ಕಲಿತ ಹಿಂದಿಯಲ್ಲಿ ಹೇಳಿದರು:
ಇದನ್ನು ಹೊಲಿಸಿದವ ಬಟ್ಟೆಯಂಗಡಿಯ ಗುಮಾಸ್ತ.
ಕಡಲು ದಾಟಿ ಪ್ಯಾರಿಸಿಗೆ ಬಂದವ, ಭಾಷೆ ಬಾರದವ.
ಅಲ್ಲಿಯವರೆಗೆ ದರ್ಜಿಯೆಂದರೆ ಕೈ;
ಬಟ್ಟೆ ಅವರದು, ಮನಸ್ಸು ಅವರದು, ಕೈ ಇವನದು.
ಇವನು ರಾಣಿಗೇ ಹೇಳಿದ,
ಅದು ನಿಮಗೆ ಒಪ್ಪದು, ಇದು ತೊಡಿ ಎಂದು.
ಜೀವವಿದ್ದ ಹುಡುಗಿಯರಿಗೆ ತೊಡಿಸಿ ನಡೆಸಿ ತೋರಿಸಿದ.
ಚಿತ್ರಕಾರ ಮೂಲೆಯಲ್ಲಿ ಬರೆಯುವಂತೆ
ಸೊಂಟಪಟ್ಟಿಯೊಳಗೆ ತನ್ನ ಹೆಸರು ನೇಯಿಸಿ ಹೊಲಿದ.

ಇಡೀ ಕತೆಗೆ ವಾಸಣ್ಣ ಕೇಳಿದ್ದು ಒಂದೇ:
ಒಳಗೆ ಯಾಕೆ?
ಉಮ್ಮ್ ಗಾನಿಮ್ ಹಿಂದಿಯಲ್ಲಿ ಹುಡುಕಿದರು,
ಅರಬಿಯಲ್ಲಿ ಹುಡುಕಿದರು,
ಸಿಗದೆ ನಕ್ಕುಬಿಟ್ಟರು.

ಆ ರಾತ್ರಿ, ಆರು ಮಂಚದ ಕೋಣೆಯಲ್ಲಿ, ಕತ್ತಲಿಗೆ ಹೇಳಿದಂತೆ:
ಕುಳಿಮಗ್ಗದಲ್ಲಿ ಅಪ್ಪ ನೇಯ್ದ ಸೀರೆಗಳಿಗೆ
ಸೊಸೈಟಿಯ ಸೀಲು ಇತ್ತು ಮಾರಾಯ.
ಅಪ್ಪನಿಗೆ ಇರಲಿಲ್ಲ.

ಇಪ್ಪತ್ತಮೂರು ದಿನ. ಹದಿನಾಲ್ಕು ಮೀಟರು.
ಎರಡನೇ ಟ್ರಯಲ್ಲಿಗೆ ಹುಡುಗಿಯನ್ನು ಬೆಳಕಿನ ಕಡೆ ತಿರುಗಿಸಿ
ವಾಸಣ್ಣ ತಲೆಯಾಡಿಸಿದರು.
ಈ ತೋಳು ಬೇಡ. ಮೇಲಿನ ಪದರ ಬಿಳಿ ಬೇಡ.
ಹಾಲಿನ ಕೆನೆಯ ಬಣ್ಣ ತನ್ನಿ.
ನನ್ನ ಬಾಯಲ್ಲಿದ್ದ ಗುಂಡಸೂಜಿ
ನಾಲಿಗೆಯನ್ನೇ ಹೊಲಿದಂತಾಯಿತು.
ಉಮ್ಮ್ ಗಾನಿಮ್ ತುಸು ಹೊತ್ತು ಕನ್ನಡಿ ನೋಡಿದರು,
ಕನ್ನಡಿಯೊಳಗಿಂದಲೇ ಹೂಂ ಅಂದರು.

ಕೊನೆಗೆ ಅರ್ಧ ಇಂಚಿನ ರಿಬ್ಬನ್ನು,
ಕೆಂಪು ದಾರ, ಕನ್ನಡದ ಅಕ್ಷರ:
ವಾಸು, ಮನಾಮಾ.
ಅಸ್ತರಿನಡಿ, ಸೊಂಟದ ಎಡಕ್ಕೆ.
ಯಾರಿಗೂ ಹೇಳಬೇಡ ಅಂದರು.
ಹೇಳಲು ಅಲ್ಲಿ ಇದ್ದವರು ಯಾರು?

ಮದುವೆಯ ಮೂರನೇ ದಿನ ಡ್ರೈವರ್ ಬಂದ.
ಲಕೋಟೆಯಲ್ಲಿ ಹತ್ತು ದಿನಾರು ಹೆಚ್ಚಿಗೆ,
ಜೊತೆಗೆ ಒಂದೆಳೆ ನೋಯಿಸದೆ ಬಿಡಿಸಿದ ರಿಬ್ಬನ್ನು.
ಹೊಲಿಗೆ ಹೂವಿನ ಹಾಗಿದೆಯಂತೆ,
ಹೆಸರು ಚುಚ್ಚುತ್ತದಂತೆ.
ಹುಡುಗಿ ರಾತ್ರಿಯಿಡೀ ತಡೆದುಕೊಂಡಳಂತೆ.

ನನಗೆ ಮೈಯೆಲ್ಲ ಉರಿ.
ವಾಸಣ್ಣ ರಿಬ್ಬನ್ನು ಮಗುಚಿದರು,
ಬೆರಳಾಡಿಸಿದರು.
ಗಂಟು ಒರಟಾಗಿದೆ ನೋಡು. ಅವಳ ತಪ್ಪಲ್ಲ.
ಹತ್ತರಲ್ಲಿ ನಾಲ್ಕು ನನಗೆ ಕೊಟ್ಟರು.

ಮೂವತ್ತೊಂದನೇ ಇಂಚಿನಲ್ಲಿ ಹರಿದಿತ್ತು ಅವರ ಟೇಪು.
ಟೇಪಿಗೆ ತೇಪೆ ಹಾಕಿದರು ಅದನ್ನೇ,
ಗಂಟು ಬಿಚ್ಚಿ, ಮತ್ತೆ ನುಣ್ಣಗೆ ಕಟ್ಟಿ,
ಅಕ್ಷರ ಒಳಮುಖವಾಗಿ.

ಆಮೇಲೆ ಹನ್ನೊಂದು ವರ್ಷ
ಸಲ್ಮಾನಿಯಾ ಆಸ್ಪತ್ರೆಯ ನರ್ಸುಗಳು,
ಇಂಡಿಯನ್ ಸ್ಕೂಲಿನ ಟೀಚರುಗಳು, ಮದುಮಗಳಂದಿರು,
ಉಸಿರು ಬಿಡಿ ಅಂದಾಗ ಬಿಟ್ಟವರು.
ಹೆಸರು ಒಂದು ಕ್ಷಣ ಅವರ ಸೊಂಟಕ್ಕೆ ತಾಗಿ
ಮತ್ತೆ ಅವರ ಕೊರಳಿಗೇ ಮರಳುತ್ತಿತ್ತು.
ಯಾರಿಗೂ ಚುಚ್ಚಲಿಲ್ಲ.

ಟೇಪು ಈಗ ನನ್ನ ಕೊರಳಲ್ಲಿ.
ತೇಪೆಯ ಜಾಗದಲ್ಲಿ ಅಳತೆ ಕಾಲಿಂಚು ತಪ್ಪು.
ಹೊಸದು ತಗೊಳ್ಳಿ ಅನ್ನುತ್ತಾನೆ ಈಗಿನ ಕಾಜಾ ಹುಡುಗ.
ಆ ಕಾಲಿಂಚನ್ನು ಸೇರಿಸಿಯೇ
ಕತ್ತರಿಸುತ್ತೇನೆ.